ಮೂರನೇ ಸಾಲಿಗೆ ನಾಲ್ಕು ಮೆಂತ್ಯಕಾಳು

ನಾನು ಪ್ರೇಮಮ್ಮ. ಓದಿದ್ದು ಮೂರನೇ ತರಗತಿ, ಅದೂ ಪೂರ್ತಿಯಲ್ಲ. ರೈಲ್ವೆಯಲ್ಲಿದ್ದ ಯಜಮಾನರು ತೀರಿಕೊಂಡ ಮೇಲೆ ಚೆನ್ನೈಯ ವೇಲಚೇರಿ ಕಡೆಯ ಒಂದು ಔಷಧ ಕಾಲೇಜಿನಲ್ಲಿ ಇಲಿಗಳ ಕೋಣೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಹನ್ನೊಂದು ವರ್ಷ ನಾಲ್ಕು ತಿಂಗಳಾಯಿತು. ಗೂಡಿನ ಹೊಟ್ಟು ಬದಲಾಯಿಸುವುದು, ನೀರಿನ ಬಾಟಲಿ ತೊಳೆಯುವುದು, ಇಲಿಗೆ ಹದಿನೈದು ಗ್ರಾಂನಂತೆ ತಿನಿಸು ತೂಗಿ ಹಾಕುವುದು. ತೂಕದಲ್ಲಿ ಒಂದು ದಿನವೂ ತಪ್ಪಿಲ್ಲ. ತಪ್ಪಿದ್ದು ಬುದ್ಧಿಯಲ್ಲಿ.

ಕಾಲೇಜಿನಲ್ಲಿ ಮೈಸೂರಿನ ಶ್ರೀವಿದ್ಯಾ ಎಂಬ ಹುಡುಗಿ ಡಾಕ್ಟರೇಟಿಗೆ ಓದುತ್ತಿದ್ದಳು. ಸಕ್ಕರೆ ಕಾಯಿಲೆಗೆ ಹಳ್ಳಿಗಳಲ್ಲಿ ಅರೆದು ಕುಡಿಯುವ ಒಂದು ಬಳ್ಳಿಯ ಎಲೆ ನಿಜವಾಗಿ ಸಕ್ಕರೆ ಇಳಿಸುತ್ತದೆಯೇ, ಇಳಿಸಿದರೂ ಲಿವರ್ ಕೆಡಿಸುವುದಿಲ್ಲವೇ ಎಂದು ನೋಡುವುದು ಅವಳ ಪರೀಕ್ಷೆ. ಮೇ ತಿಂಗಳೊಳಗೆ ಪ್ರಬಂಧ ಕೊಡದಿದ್ದರೆ ಐದು ವರ್ಷದ ಓದು ನೀರುಪಾಲು.

ಕಾಯಿಲೆ ಬರಿಸಿದ ಹದಿನೆಂಟು ಇಲಿಗಳನ್ನು ಮೂರು ಸಾಲು ಮಾಡಿದಳು. ಮೊದಲ ಸಾಲಿಗೆ ಎಲೆಯ ರಸ, ಎರಡನೆಯದಕ್ಕೆ ಡಾಕ್ಟರು ಕೊಡುವ ಮಾತ್ರೆ, ಮೂರನೆಯದಕ್ಕೆ ಬರೀ ನೀರು.

"ಇವು ಆರಕ್ಕೂ ಔಷಧ ಇಲ್ವಾ ಕಣ್ಣು? ಪಾವಂ!" ಎಂದೆ. ಇಲ್ಲಿಯ ತಮಿಳು ನನ್ನ ನಾಲಿಗೆಗೂ ಹತ್ತಿದೆ; ಮಗಳೇ ಎನ್ನಲು ಕಣ್ಣು, ಅಯ್ಯೋ ಪಾಪ ಎನ್ನಲು ಪಾವಂ.

"ಇಲ್ಲ ಪ್ರೇಮಮ್ಮ, ಇವು ಹೀಗೇ ಇರ್ಬೇಕು. ಇಪ್ಪತ್ತೆಂಟು ದಿನ."

ನಮ್ಮತ್ತೆ ಊಟದ ಸಾಲಿನಲ್ಲಿ ಒಬ್ಬರಿಗೆ ತುಪ್ಪ ಬಡಿಸಿ ಇನ್ನೊಬ್ಬರ ಎಲೆ ದಾಟಿದರೆ ಸೌಟಿನಲ್ಲೇ ಬಾರಿಸುತ್ತಿದ್ದರು. ಪಂಕ್ತಿಭೇದದಂಥ ಪಾಪವಿಲ್ಲ ಎಂದು ಬೆಳೆದವಳು ನಾನು. ಇಲ್ಲಿ ದಿನಾ ಕಣ್ಣೆದುರಿಗೇ ಪಂಕ್ತಿಭೇದ. ನಾಲ್ಕು ದಿನ ತಡೆದೆ. ನನಗೂ ಸಕ್ಕರೆ ಇದೆ. ನೆನೆಸಿದ ಮೆಂತ್ಯ ಡಬ್ಬಿಯಲ್ಲಿ ತರುತ್ತೇನೆ. ಐದನೇ ದಿನದಿಂದ ಮಧ್ಯಾಹ್ನ ಮೂರೂವರೆಗೆ ಮೂರನೇ ಸಾಲಿನ ಪ್ರತಿ ಇಲಿಗೂ ನಾಲ್ಕು ಕಾಳು ಹಾಕತೊಡಗಿದೆ. ಯಾರಿಗೂ ಒಂದು ಹೆಚ್ಚಿಲ್ಲ, ಒಂದು ಕಮ್ಮಿಯಿಲ್ಲ. ಪುಣ್ಯಕ್ಕೂ ಅಳತೆ ಇಟ್ಟ ಮಹಾತಾಯಿ ನಾನು.

ಇಪ್ಪತ್ತೊಂದನೇ ದಿನ ಶ್ರೀವಿದ್ಯಾ ಇಲಿಗಳ ಬಾಲದಿಂದ ರಕ್ತದ ಹನಿ ತೆಗೆದು ನೋಡಿದಳು. ನೀರಿನ ಸಾಲಿನಲ್ಲೂ ಸಕ್ಕರೆ ಇಳಿದಿತ್ತು. ನನಗೆ ಒಳಗೊಳಗೇ ಹೆಮ್ಮೆ. ಅವಳು ಮಾತ್ರ ಸ್ಟೂಲಿನ ಮೇಲೆ ಕುಸಿದಳು.

"ನೀರು ಕುಡಿದವಕ್ಕೂ ಇಳಿದ್ರೆ ನನ್ನ ಎಲೆ ಏನು ಮಾಡಿದ ಹಾಗಾಯ್ತು? ಎಲ್ಲಾ ಹೋಯ್ತು ಪ್ರೇಮಮ್ಮ."

ಅವಳು ಸಕ್ಕರೆ ನೋಡುವ ಮೀಟರು ಬದಲಾಯಿಸಿದಳು, ರಕ್ತದ ಹನಿ ಹಾಕುವ ಪಟ್ಟಿ ಬದಲಾಯಿಸಿದಳು, ತಿನಿಸಿನ ಮೂಟೆ ಸೋಸಿದಳು. ಅವಳು ಅಳುವುದನ್ನು ಎರಡು ದಿನ ನೋಡಿದೆ. ಮೂರನೇ ದಿನ ಬೆಳಿಗ್ಗೆ ಡಬ್ಬಿ ಹಿಡಿದು ಅವಳ ಗೈಡ್ ಗಿರಿಧರ್ ಸಾರ್ ಕೋಣೆಗೆ ಹೋದೆ. ಶ್ರೀವಿದ್ಯಾ ಅಲ್ಲೇ ಇದ್ದಳು. ಹೇಳಿಬಿಟ್ಟೆ.

ಸಾರ್ ಚೆನ್ನೈಯಲ್ಲೇ ಹುಟ್ಟಿ ಬೆಳೆದ ಕನ್ನಡದವರು. "ಎನ್ನಮ್ಮಾ ಇದು! ಯಾಕೆ ಹಾಕಿದ್ರಿ?"

"ನನಗೆ ಮೆಂತ್ಯದಿಂದಲೇ ಇಳಿದದ್ದು ಸಾರ್. ಅವಕ್ಕೂ ಇಳೀಲಿ ಅಂತ."

"ನೀವು ಮಾತ್ರೆ ತಗೊಳ್ಳಲ್ವಾ?"

"ತಗೋತೀನಿ ಸಾರ್. ಬೆಳಿಗ್ಗೆ ಒಂದು, ಸಾಯಂಕಾಲ ಒಂದು."

"ಮತ್ತೆ ಇಳಿದದ್ದು ಮೆಂತ್ಯದಿಂದಲೇ ಅಂತ ಹೇಗೆ ಗೊತ್ತು?"

ಆರು ವರ್ಷದಿಂದ ನಮ್ಮ ಬೀದಿಯ ಹೆಂಗಸರಿಗೆಲ್ಲ ಮೆಂತ್ಯದ ಮಹಿಮೆ ಹೇಳಿದ್ದೇನೆ. ಮಾತ್ರೆಯ ಮಾತು ಎತ್ತಿದವಳಲ್ಲ. ಒಂದು ಸಾಲಿಗೆ ಏನನ್ನೂ ಕೊಡದೆ ಇರುವುದು ಯಾಕೆಂದು ಆಗ ಹೊಳೆಯಿತು.

"ಎಷ್ಟು ಹಾಕಿದ್ರಿ, ನೆನಪಿದೆಯಾ?"

"ಐದನೇ ದಿನದಿಂದ, ನಾಲ್ಕು ನಾಲ್ಕು ಕಾಳು. ಹದಿನಾರನೇ ಗೂಡಿನದು ಮೊದಲ ದಿನ ಎರಡು ಉಗುಳಿತು."

ಸಾರ್ ಬರೆದುಕೊಂಡರು. "ಶ್ರೀವಿದ್ಯಾ, ನಿನ್ನ ನೋಟ್‌ಬುಕ್‌ಗಿಂತ ಇವರೇ ಕರೆಕ್ಟು," ಎಂದರು. ಅವಳು ನಗಲಿಲ್ಲ. ಒಂಬತ್ತು ದಿನ ನನ್ನೊಡನೆ ಮಾತನಾಡಲಿಲ್ಲ.

ಹೊಸ ಇಲಿ ತಂದು ಮೊದಲಿನಿಂದ ಶುರು ಮಾಡಿದರು. ಈ ಸಲ ಎಲ್ಲವೂ ಒಂದೇ ಕಂದು ಬಾಟಲಿಯಲ್ಲಿ. ಯಾವುದರಲ್ಲಿ ನೀರು ಎಂಬುದು ಸಾರ್‌ಗೆ ಮಾತ್ರ ಗೊತ್ತು. ನನ್ನ ಡಬ್ಬಿ ವಾಚ್‌ಮನ್ ಸುರೇಶನ ಬಳಿ. "ಪಾಟೀ, ಇಂದು ಕಾಳು ಎಷ್ಟು?" ಎಂದು ಅವನು ನನ್ನನ್ನು ಅಜ್ಜಿ ಮಾಡಿ ದಿನಾ ಕೆಣಕುತ್ತಿದ್ದ. ಹದಿನೆಂಟು ಮುಖಗಳನ್ನೂ ದಿಟ್ಟಿಸಿದೆ; ಯಾರು ಔಷಧವಿಲ್ಲದ ಉಪವಾಸದವರೆಂದು ನನ್ನ ಕರುಣೆಗೆ ಗುರುತೇ ಸಿಗಲಿಲ್ಲ.

ಇಪ್ಪತ್ತೆಂಟನೇ ದಿನ ಸಾರ್ ಯಾವ ಬಾಟಲಿಯಲ್ಲಿ ಏನೆಂದು ಬರೆದಿಟ್ಟಿದ್ದ ಚೀಟಿ ಬಿಚ್ಚಿದರು. ಎಲೆ ಸಕ್ಕರೆ ಇಳಿಸಿತ್ತು, ಮಾತ್ರೆಯ ಅರ್ಧದಷ್ಟು. ಲಿವರ್ ಪರೀಕ್ಷೆಗೆಂದೇ ಬೇರೆಯಾಗಿ ಇಟ್ಟು ಜಾಸ್ತಿ ರಸ ಕುಡಿಸಿದ ಇಲಿಗಳ ಲಿವರ್ ಊದಿಕೊಂಡಿತ್ತು. ಹೆಚ್ಚಾದರೆ ಅಪಾಯ ಎಂದೂ ಬರೆಯಬೇಕೆಂದರು ಸಾರ್.

"ನೀರಿನವು ಆರಕ್ಕೂ ಒಂಚೂರೂ ಇಳಿದಿಲ್ಲ, ಪ್ರೇಮಮ್ಮ!" ಎಂದು ಶ್ರೀವಿದ್ಯಾ ನನ್ನ ಕೈ ಹಿಡಿದಳು. ಪ್ರಬಂಧ ಕೊಡುವ ಗಡುವಿಗೆ ಇನ್ನೂ ಹತ್ತೊಂಬತ್ತು ದಿನ ಉಳಿದಿತ್ತು.

ನಾನು ಚಪ್ಪಾಳೆ ತಟ್ಟಿದೆ. ಆರು ರೋಗಿಗಳಿಗೆ ವಾಸಿಯಾಗಲಿಲ್ಲವೆಂದು ಚಪ್ಪಾಳೆ ತಟ್ಟಿದ ಹೆಂಗಸು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು.

"ಬೇಜಾರಾಯ್ತಾ?" ಎಂದಳು.

"ಆಯ್ತು ಕಣ್ಣು. ನೀನು ಪ್ರಬಂಧ ಬರಿ, ಬೇಗ ಬರಿ."