ಅವ್ವ ಆರಿಸಿದ ಬೋರ್ಡಿಂಗ್

ನಾವು ಸಣ್ಣವರಿದ್ದಾಗ ನಮ್ಮ ಕಡೆಯ ಹಳ್ಳಿಗಳಲ್ಲಿ ಹುಡುಗಿ ಎಲ್ಲಿಯವರೆಗೆ ಓದಬೇಕು ಎಂಬುದನ್ನು ಬಸ್ಸು ತೀರ್ಮಾನಿಸುತ್ತಿತ್ತು. ಶಲವಡಿಯಿಂದ ಒಳಗೆ, ಎರೆ ಹೊಲಗಳ ನಡುವೆ ಇದ್ದ ನಮ್ಮ ಸಣ್ಣ ಊರಿನಲ್ಲಿ ಏಳನೆಯ ಇಯತ್ತೆಯವರೆಗೆ ಮಾತ್ರ ಶಾಲೆ. ಅದರಾಚೆ ಓದಬೇಕೆಂದರೆ ಬೆಳಗಿನ ಒಂದೇ ಬಸ್ಸಿನಲ್ಲಿ ಅಣ್ಣಿಗೇರಿಗೆ ಹೋಗಬೇಕು, ಸಂಜೆ ಅದರಲ್ಲೇ ಮರಳಬೇಕು. ಮಳೆ ಹಿಡಿದರೆ ಬಸ್ಸು ಊರೊಳಗೆ ಬರುತ್ತಿರಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ಪಾದಕ್ಕೆ ಸೇರುಗಟ್ಟಲೆ ಕರಿಮಣ್ಣು ಮೆತ್ತಿಕೊಂಡು ಡಾಂಬರು ರಸ್ತೆಯವರೆಗೆ ನಡೆದವರಿಗೆ ಆ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೊಡ್ಡಪ್ಪನ ಮಗಳು ಗಿರಿಜಕ್ಕ ಆ ಬಸ್ಸಿನಲ್ಲಿ ಐದು ವರ್ಷ ಓಡಾಡಿದಳು. ಪಿಯುಸಿ ಎರಡನೆಯ ವರ್ಷದಲ್ಲಿದ್ದಾಗ, ಕಾರ್ತಿಕದಲ್ಲಿ, ಯಾರೋ ಬಸ್ಸಿನ ಹಿಂದಿನ ಸೀಟಿನ ಮೇಲೆ ಅವಳ ಹೆಸರನ್ನು ಒಬ್ಬ ಹುಡುಗನ ಹೆಸರಿನೊಂದಿಗೆ ಬರೆದಿದ್ದರು. ಆ ಹುಡುಗ ಯಾರೆಂದು ಅಕ್ಕನಿಗೆ ಗೊತ್ತೂ ಇರಲಿಲ್ಲ. ಸುದ್ದಿ ಚಹಾದಂಗಡಿಗೆ ಬಂತು, ಅಲ್ಲಿಂದ ದೊಡ್ಡಪ್ಪನ ಕಿವಿಗೆ ಬಂತು. ಆ ಸಂಜೆ ಪಡಸಾಲೆಯಲ್ಲಿ ಗಂಡಸರು ಊಟಕ್ಕೆ ಕೂತಾಗ, ನಾಳೆಯಿಂದ ಗಿರಿಜಾ ಹೋಗುವುದು ಬೇಡ ಎಂದು ದೊಡ್ಡಪ್ಪ ಹೇಳಿದರು. ಅಕ್ಕನ ಪುಸ್ತಕದ ಚೀಲ ಅಟ್ಟಕ್ಕೆ ಹೋಯಿತು.

ನಮ್ಮವ್ವ ಆಗ ರೊಟ್ಟಿ ಬಡಿಸುತ್ತಿದ್ದಳು. ಮನೆಯ ಸಣ್ಣ ಸೊಸೆ ಅವಳು. ಇಂಥ ಹೊತ್ತಿನಲ್ಲಿ ಬಾಯಿ ತೆರೆಯುವ ಅಧಿಕಾರ ಅವಳಿಗಿರಲಿಲ್ಲ. ತನ್ನ ಮಗಳು ಆ ಬಸ್ಸು ಹತ್ತಬಾರದು ಎಂದು ಅವಳು ನಿಶ್ಚಯಿಸಿದ್ದು ಅದೇ ಸಂಜೆಯಂತೆ. ನಾನಾಗ ನಾಲ್ಕನೆಯ ಇಯತ್ತೆ. ಸಿಸ್ಟರುಗಳು ನಡೆಸುವ ಹುಡುಗಿಯರ ಶಾಲೆಯೊಂದು ಹುಬ್ಬಳ್ಳಿಯಲ್ಲಿದೆ, ಐದನೆಯ ಇಯತ್ತೆಯಿಂದ ಅಲ್ಲೇ ಇಟ್ಟುಕೊಂಡು ಓದಿಸುತ್ತಾರೆ ಎಂದು ನಮ್ಮ ಶಾಲೆಯ ಅಕ್ಕೋರು ಯಾವತ್ತೋ ಹೇಳಿದ್ದನ್ನು ಅವಳು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳು.

ಆದರೆ ನನ್ನನ್ನು ಎಲ್ಲಿಗಾದರೂ ಕಳಿಸುವುದು ಅಷ್ಟು ಸುಲಭವಿರಲಿಲ್ಲ. ಹತ್ತು ವರ್ಷ ತುಂಬಿದ್ದರೂ ನಾನು ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಿದ್ದೆ. ಹನ್ನೊಂದು ಜನರ ಮನೆಯಲ್ಲಿ ಇದು ಸ್ಪಷ್ಟವಾಗಿ ಗೊತ್ತಿದ್ದದ್ದು ಅವ್ವನಿಗೆ, ಅಪ್ಪನಿಗೆ. ನಮ್ಮ ಆಯಿಗೆ, ಅಂದರೆ ಅಪ್ಪನ ಅವ್ವನಿಗೆ, ಬರೀ ಗುಮಾನಿ. ಎಳ್ಳು ತಿಂದರೆ ಹಾಸಿಗೆ ಒದ್ದೆ ಮಾಡುವುದು ನಿಲ್ಲುತ್ತದೆಂದು ಆಕೆ ಯಾವಾಗ ನೋಡಿದರೂ ನನ್ನ ಬಾಯಿಗೆ ಎಳ್ಳು ಬೆಲ್ಲದ ಉಂಡೆ ತುರುಕುತ್ತಿದ್ದಳು. ಅಡುಗೆಮನೆಯ ಬಾಜೂ ಕೋಣೆಯಲ್ಲಿ ನಾನೂ ಅವ್ವನೂ ಮಲಗುತ್ತಿದ್ದೆವು. ಎಲ್ಲರಿಗಿಂತ ಮೊದಲು ಎದ್ದು, ನಿದ್ದೆಗಣ್ಣಿನಲ್ಲಿದ್ದ ನನ್ನನ್ನು ಎತ್ತಿ ನಿಲ್ಲಿಸಿ, ಲಂಗ ಬದಲಿಸಿ, ಒಣಗಿದ ಕಡೆ ಮಲಗಿಸಿ, ಒದ್ದೆ ಕೌದಿಯನ್ನು ಜಾಲಿಸಿಕೊಂಡು ಮಾಳಿಗೆಗೆ ಹೋಗುತ್ತಿದ್ದಳು. ಮನೆಯವರು ಏಳುವ ಹೊತ್ತಿಗೆ ಅವಳು ಅಂಗಳಕ್ಕೆ ಸೆಗಣಿ ನೀರು ಚಿಮುಕಿಸುತ್ತಿರುತ್ತಿದ್ದಳು. ಒಂದು ದಿನವೂ ಬೈಯಲಿಲ್ಲ. ಅದನ್ನು ಮಾತಿನಲ್ಲಿ ಆಡಲೂ ಇಲ್ಲ. ಎಲ್ಲ ಮಕ್ಕಳ ಬೆಳಗೂ ಹೀಗೇ ಆಗುತ್ತದೆ ಎಂದು ನಾನು ಬಹಳ ದಿನ ತಿಳಿದಿದ್ದೆ.

ಆ ಬೇಸಿಗೆ ನನಗೆ ಪೂರ್ತಿ ನೆನಪಿದೆ. ಮಾಳಿಗೆಯ ತುಂಬ ಶಾವಿಗೆ, ಸಂಡಿಗೆ. ಕುಟ್ಟಿದ ಖಾರದ ಘಾಟಿಗೆ ಓಣಿಯೆಲ್ಲ ಸೀನುತ್ತಿತ್ತು. ಕಟ್ಟೆಯ ಮೇಲೆ ಮಧ್ಯಾಹ್ನವೆಲ್ಲ ನಮ್ಮ ಗಜಗದಾಟ. ಅಂಥ ಒಂದು ದಿನ ಆಟದ ನಡುವಿನಿಂದ ಎಬ್ಬಿಸಿ, ಜಾತ್ರೆಗೆ ಹೊಲಿಸಿದ್ದ ಲಂಗ ಹಾಕಿಸಿ ನನ್ನನ್ನು ಬಸ್ಸು ಹತ್ತಿಸಿದರು.

ನನ್ನನ್ನು ಹೊರಗಿಟ್ಟು ಓದಿಸಲು ಅವ್ವ ಅಷ್ಟರಲ್ಲಿ ಅಪ್ಪನನ್ನು ಒಪ್ಪಿಸಿದ್ದಳಂತೆ. ಮೊದಲು ಹೋದದ್ದು ಧಾರವಾಡದ ಒಂದು ಖಾಸಗಿ ವಸತಿ ಶಾಲೆಗೆ. ಅಣ್ಣಿಗೇರಿಯಲ್ಲಿ ಬೀಜ ಗೊಬ್ಬರದ ಅಂಗಡಿ ಇಟ್ಟಿದ್ದ ಅಪ್ಪನಿಗೆ ಪರಿಚಯದವರೊಬ್ಬರು ಅದನ್ನು ಹೇಳಿದ್ದರು. ನಮ್ಮ ಮಂದಿಯೇ ನಡೆಸುತ್ತಾರೆ, ಬೆಳಿಗ್ಗೆ ಸಂಜೆ ವಚನ ಹೇಳಿಸುತ್ತಾರೆ, ಊಟದ ಚಿಂತೆ ಇಲ್ಲ ಎಂದು ಅಪ್ಪನಿಗೆ ಅಗದಿ ಮನಸ್ಸಿಗೆ ಬಂದಿತ್ತು. ಆಫೀಸಿನಲ್ಲಿ ಮಾತೆಲ್ಲ ಮುಗಿಯಿತು. ಕೋಣೆಗಳನ್ನು ನೋಡಲು ಹಿತ್ತಲ ಕಡೆ ಹೋದಾಗ ಕಂಪೌಂಡಿನ ಮೇಲೆ ಒಂದು ಗಾದಿ ಒಣಗಲು ಹಾಕಿದ್ದು ಕಂಡಿತು. ಅದರ ಪಕ್ಕದಲ್ಲಿ ನನ್ನಷ್ಟೇ ಎತ್ತರದ ಹುಡುಗಿಯೊಬ್ಬಳು ಬಿಸಿಲಿಗೆ ಮುಖ ಮಾಡಿ ನಿಂತಿದ್ದಳು. ಆಚೆ ಈಚೆ ಹೋಗುವ ಹುಡುಗಿಯರು ಅವಳನ್ನು ನೋಡಿ ನಗುತ್ತಿದ್ದರು. ಗಾದಿ ಒಣಗುವ ತನಕ ಅಲ್ಲೇ ನಿಲ್ಲಬೇಕು, ಹಾಗಾದರೆ ಬುದ್ಧಿ ಬರುತ್ತದೆ ಎಂದು ಕೋಣೆ ತೋರಿಸಲು ಬಂದ ಹೆಂಗಸು ಸಹಜವಾಗಿ ಹೇಳಿದಳು.

ಅವ್ವ ನನ್ನ ರಟ್ಟೆ ಹಿಡಿದುಕೊಂಡು ಗೇಟಿನ ಕಡೆ ನಡೆದಳು. ಅಪ್ಪ ಹಿಂದಿನಿಂದ ಬಂದು ಏನಾಯಿತೆಂದು ಕೇಳಿದ.

"ಇಲ್ಲಿ ಬ್ಯಾಡ್ರಿ" ಎಂದಳು.

ಅಪ್ಪ ಕಟ್ಟಡ ತೋರಿಸಿದ, ಊರು ಹತ್ತಿರ ಎಂದ, ಪರಿಚಯದವರಿಗೆ ಏನು ಹೇಳಲಿ ಎಂದ. ಅವ್ವ ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಅಪ್ಪನ ಎದುರು ಅವಳು ಹಾಗೆ ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಬಿಸಿಲಿನಲ್ಲಿ ನಿಂತವಳ ಮುಖವೇ ಕಣ್ಣ ಮುಂದೆ ಇತ್ತು. ಹಾಗಾದರೆ ಇದು ನಗುವಂಥ ಸಂಗತಿ ಎಂದು ನನಗೆ ತಿಳಿದದ್ದು ಆ ದಿನ.

ಮುಂದಿನ ವಾರ ಹುಬ್ಬಳ್ಳಿಯ ಸಿಸ್ಟರುಗಳ ಶಾಲೆಗೆ ಹೋದೆವು. ಕೆಂಪು ಗಾರೆಯ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಫಿನಾಯಿಲಿನ ವಾಸನೆ, ಅದರ ಜೊತೆಗೆ ಕರಗಿದ ಮೇಣದ ವಾಸನೆ. ಅಪ್ಪ ಬೇಡವೆಂದರೂ ಕೇಳದೆ ಅವ್ವ ಗೇಟಿನ ಹತ್ತಿರವೇ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ನಡೆದಳು. ಊರ ಪಂಚಾಯಿತಿಯಲ್ಲಿ ಅಪ್ಪ ಮಾತಾಡಿದರೆ ಹತ್ತು ಜನ ಸುಮ್ಮನಾಗುತ್ತಿದ್ದರು. ಇಲ್ಲಿ ಇಂಗ್ಲಿಷಿನ ಫಾರ್ಮನ್ನು ಮುಂದೆ ಇಟ್ಟುಕೊಂಡು ಅವನು ಮತ್ತೆ ಮತ್ತೆ ಕರವಸ್ತ್ರದಿಂದ ಮುಖ ಒರೆಸಿಕೊಳ್ಳುತ್ತಿದ್ದ. ಕೊನೆಗೆ ಮೇಜಿನಾಚೆ ಕೂತಿದ್ದ ಸಿಸ್ಟರೇ ಅದನ್ನು ತಮ್ಮ ಕಡೆ ಎಳೆದುಕೊಂಡು ಒಂದೊಂದೇ ಕೇಳಿ ತುಂಬತೊಡಗಿದರು. ಮಂಗಳೂರಿನ ಕಡೆಯವರು; ಪುಸ್ತಕದಂಥ ಕನ್ನಡ. ಕೊರಳಲ್ಲಿ ಲಿಂಗ ಇರುವ ಹುಡುಗಿ ಎಂದು ಅಪ್ಪ ತಡವರಿಸಿದಾಗ, ಅದು ಅವಳ ಕೊರಳಲ್ಲೇ ಇರಲಿ, ಯಾರೂ ಮುಟ್ಟುವುದಿಲ್ಲ ಎಂದರು. ಮಾಂಸ ತಿನ್ನದ ಮಕ್ಕಳಿಗೆ ಬೇರೆ ಮೇಜು ಇದೆ ಎಂದೂ ಹೇಳಿದರು.

ಆಮೇಲೆ ಮಗುವಿಗೆ ಏನಾದರೂ ಕಾಯಿಲೆ ಇದೆಯೇ ಎಂದು ಕೇಳಿದರು. ಏನೂ ಇಲ್ಲ, ಗಟ್ಟಿಮುಟ್ಟಾಗಿದ್ದಾಳೆ ಎಂದು ಅಪ್ಪ ಕೂಡಲೇ ಹೇಳಿಬಿಟ್ಟ.

ಅವ್ವ ಕುರ್ಚಿಯಿಂದ ಎದ್ದು ನಿಂತಳು. "ಅಕ್ಕಾರ, ಒಂದು ಮಾತೈತ್ರಿ. ಈಕಿ ಇನ್ನೂ ಹಾಸಿಗ್ಯಾಗ ಉಚ್ಚಿ ಹೊಯ್ಕೊಂತಾಳ್ರಿ. ಬಡೀಬ್ಯಾಡ್ರಿ. ಬಿಸಲಾಗ ನಿಂದರಸಬ್ಯಾಡ್ರಿ."

ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿದ. ನನ್ನ ಕಿವಿಯವರೆಗೆ ಬಿಸಿ ಏರಿತು. ಐದು ವರ್ಷ ಮನೆಮಂದಿಗೆಲ್ಲ ಮುಚ್ಚಿಟ್ಟದ್ದನ್ನು ಗುರುತು ಪರಿಚಯ ಇಲ್ಲದ ಹೆಂಗಸಿನ ಮುಂದೆ, ಅದೂ ನನ್ನೆದುರಿಗೇ, ಅವ್ವ ಹೇಳಿಬಿಟ್ಟಿದ್ದಳು.

ಸಿಸ್ಟರ್ ಪೆನ್ನು ಕೆಳಗಿಟ್ಟರು. "ಇಲ್ಲಿ ಇನ್ನೂ ಮೂರು ಮಕ್ಕಳು ಹಾಗೆ ಇದ್ದಾರೆ, ಅಮ್ಮ. ಅವರು ಮಲಗುವ ಕಡೆಯೇ ನನ್ನ ಕೋಣೆ. ನಾನೇ ಎಬ್ಬಿಸುತ್ತೇನೆ. ಬೇರೆ ಯಾರಿಗೂ ತಿಳಿಯುವುದಿಲ್ಲ." ಫಾರ್ಮಿನ ಆ ಸಾಲನ್ನು ಅವರು ಖಾಲಿಯೇ ಬಿಟ್ಟರು. ಆಮೇಲೆ ನನ್ನ ಕಡೆ ಬಾಗಿ, "ನಿನಗೆ ಇಲ್ಲಿಗೆ ಬರಲು ಇಷ್ಟವೇ?" ಎಂದು ಕೇಳಿದರು.

ಅಷ್ಟು ದಿನಗಳಲ್ಲಿ ಆ ಪ್ರಶ್ನೆಯನ್ನು ನನಗೆ ಕೇಳಿದ್ದು ಅವರೊಬ್ಬರೇ. ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅವ್ವ ನೆಲ ನೋಡುತ್ತ ನಿಂತಿದ್ದಳು. ಅವಳ ಉಸಿರು ಕೇಳಿಸುತ್ತಿತ್ತು. ನಾನು ಹೂಂ ಎಂದೆ.

ಊರಿಗೆ ಮರಳಿದ ಮೇಲೆ ಆಯಿ ಎರಡು ದಿನ ಊಟ ಬಿಟ್ಟಳು. ಕೊರಳಿನ ಲಿಂಗ ತೆಗೆಸಿ ಶಿಲುಬೆ ಕಟ್ಟುತ್ತಾರೆ, ಹುಡುಗಿ ನಮ್ಮ ಕೈಗೆ ಹತ್ತುವುದಿಲ್ಲ ಎಂದು ಕಂಡವರೆದುರೆಲ್ಲ ಅತ್ತಳು. ದೊಡ್ಡಪ್ಪ ಅಪ್ಪನೊಂದಿಗೆ ಮಾತು ಬಿಟ್ಟರು. ಅಪ್ಪ ಯಾರಿಗೂ ಏನೂ ಬಿಡಿಸಿ ಹೇಳಲಾರದೆ ಅಂಗಡಿಯಲ್ಲೇ ಹೆಚ್ಚು ಹೊತ್ತು ಕೂಡತೊಡಗಿದ. ಮೂರನೆಯ ದಿನ ಆಯಿ ತಾನಾಗಿಯೇ ನನ್ನನ್ನು ಕರೆದು ಕೂರಿಸಿ ಲಿಂಗಕ್ಕೆ ಹೊಸ ಶಿವದಾರ ಪೋಣಿಸಿದಳು. ಗಂಟನ್ನು ಎಷ್ಟು ಬಿಗಿದಳೆಂದರೆ ಬೋರ್ಡಿಂಗಿನಲ್ಲಿ ಅದನ್ನು ಸಡಿಲ ಮಾಡಲು ನನ್ನಿಂದ ಆಗಲೇ ಇಲ್ಲ.

ನನ್ನ ಬಟ್ಟೆಗಳ ಮೇಲೆಲ್ಲ ಬೋರ್ಡಿಂಗಿನ ನಂಬರನ್ನು ಕೆಂಪು ದಾರದಲ್ಲಿ ಹೊಲಿಯಬೇಕಿತ್ತು. ಆ ಕೆಲಸ ಗಿರಿಜಕ್ಕನ ಪಾಲಿಗೆ ಬಂತು. ಅದೇ ವೈಶಾಖದಲ್ಲಿ ಅವಳ ಲಗ್ನ ಗೊತ್ತಾಗಿತ್ತು. ಗಂಡು ಕಲಘಟಗಿ ಕಡೆಯ ದೇವಿಕೊಪ್ಪದವನು. ಒಂದೇ ಕೋಣೆಯಲ್ಲಿ ಒಂದು ಬದಿಗೆ ಅವಳ ಹೊಸ ಸೀರೆ ಕುಪ್ಪಸಗಳು, ಇನ್ನೊಂದು ಬದಿಗೆ ನನ್ನ ಬಿಳಿ ಲಂಗಗಳು. ನಾನು ಅಳುತ್ತ ಕೂತಿದ್ದೆ. ಅಕ್ಕ ತಲೆ ಎತ್ತದೆ ಹೊಲಿಯುತ್ತಿದ್ದಳು.

"ಅಳಬ್ಯಾಡಲೇ" ಎಂದಳು ಕೊನೆಗೆ. "ನನಗಂತೂ ಯಾರೂ ಒಂದು ಸಾಲಿ ಹುಡುಕ್ಯಾಡಲಿಲ್ಲ."

ಹಂಗಾದರೆ ನೀನೇ ಹೋಗು ಎಂದೆ ನಾನು, ಸಿಟ್ಟಿನಿಂದ. ಅಕ್ಕ ಹಲ್ಲಿನಿಂದ ದಾರ ಕಡಿದು ಇನ್ನೊಂದು ಲಂಗ ಎತ್ತಿಕೊಂಡಳು. ಆ ಮಾತು ಅವಳಿಗೆ ಹೇಗೆ ತಾಗಿರಬೇಕು ಎಂದು ನನಗೆ ಗೊತ್ತಾಗಲು ಎಷ್ಟೋ ವರ್ಷ ಬೇಕಾದವು.

ಹುಬ್ಬಳ್ಳಿಯಿಂದ ಬಂದ ದಿನದಿಂದ ನಾನು ಅವ್ವನೊಂದಿಗೆ ಮಾತು ಬಿಟ್ಟಿದ್ದೆ. ಬೆಳಗಿನ ಜಾವ ಅವಳು ಎತ್ತಿ ನಿಲ್ಲಿಸಿದರೆ ಮೈ ಬಿಗಿ ಮಾಡಿಕೊಳ್ಳುತ್ತಿದ್ದೆ. ಅವಳು ಎಂದಿನಂತೆ ಲಂಗ ಬದಲಿಸುತ್ತಿದ್ದಳು. ಜೂನಿನಲ್ಲಿ ಅಪ್ಪನೂ ಅವಳೂ ನನ್ನನ್ನು ಬೋರ್ಡಿಂಗಿಗೆ ಬಿಡಲು ಬಂದಾಗ, ಗೇಟಿನಲ್ಲಿ ಗದ್ದ ಮುಟ್ಟಲು ಅವಳು ಕೈ ಚಾಚಿದಳು. ನಾನು ಮುಖ ತಿರುಗಿಸಿದೆ. ಅವರಿಬ್ಬರೂ ರಸ್ತೆಗುಂಟ ಹೋದರು. ಅಪ್ಪ ಎರಡು ಸಲ ಹಿಂದಿರುಗಿ ನೋಡಿದ. ಅವ್ವ ನೋಡಲಿಲ್ಲ. ಕೂಗಬೇಕೆಂದು ಗೇಟಿನ ಸರಳು ಹಿಡಿದೆ. ಅವರು ತಿರುವು ದಾಟುವ ತನಕ ಅದನ್ನು ಹಿಡಿದೇ ನಿಂತೆ.

ಸಿಸ್ಟರ್ ಮಾತು ಉಳಿಸಿಕೊಂಡರು. ದಿನಾಲೂ ಹೆಗಲು ತಟ್ಟಿ ಎಬ್ಬಿಸುತ್ತಿದ್ದರು. ಉಳಿದ ಮೂವರು ಯಾರೆಂದು ನನಗೂ ಕೊನೆಯವರೆಗೆ ತಿಳಿಯಲಿಲ್ಲ. ಗಣೇಶ ಚೌತಿ ಕಳೆಯುವಷ್ಟರಲ್ಲಿ ನನ್ನ ತೊಂದರೆ ತಾನಾಗಿಯೇ ನಿಂತುಹೋಯಿತು.

ದಸರೆಯ ರಜೆಗೆ ಊರಿಗೆ ಬಂದೆ. ಮರುದಿನ ಬೆಳಗಾಗುವ ಮುಂಚೆ ಅವ್ವ ಎಂದಿನಂತೆ ಎದ್ದಳು. ಎಚ್ಚರವಾಗಿದ್ದರೂ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಅವಳ ಕೈ ನನ್ನ ಕೆಳಗಿನ ಕೌದಿಯನ್ನು ಮುಟ್ಟಿ ನೋಡಿತು. ಸ್ವಲ್ಪ ಹೊತ್ತಿನ ಮೇಲೆ ಇನ್ನೊಮ್ಮೆ ಮುಟ್ಟಿ ನೋಡಿತು. ಏನಾದರೂ ಹೇಳುತ್ತಾಳೆಂದು ನಾನು ಹೆಮ್ಮೆಯಿಂದ ಕಾಯುತ್ತಿದ್ದೆ. ಅವಳು ಕೌದಿಯ ಅಂಚನ್ನು ಸರಿಮಾಡಿದಳು. ಆಮೇಲೆ ಎದ್ದು ಹೋಗಿ ಒಲೆ ಹಚ್ಚಿದಳು. ಮಾರನೆಯ ಬೆಳಗಿನಿಂದ ಅವಳು ನನ್ನ ಹಾಸಿಗೆಯ ಕಡೆ ಬರಲಿಲ್ಲ.

ಆರು ವರ್ಷ ಬೋರ್ಡಿಂಗ್, ಆಮೇಲೆ ಕಾಲೇಜು, ನೌಕರಿ. ಈಗ ಗದಗಿನ ಬ್ಯಾಂಕೊಂದರಲ್ಲಿದ್ದೇನೆ. ಗಿರಿಜಕ್ಕ ದೇವಿಕೊಪ್ಪದಲ್ಲಿ ಎರಡು ಗಂಡುಮಕ್ಕಳನ್ನು ಓದಿಸಿದಳು. ತಾನು ಬಿಟ್ಟ ಪರೀಕ್ಷೆಯ ಮಾತನ್ನು ಯಾವತ್ತೂ ಎತ್ತಿಲ್ಲ. ಹೋದ ವರ್ಷ ಅವ್ವ ಕಣ್ಣಿನ ಆಪರೇಷನ್ನಿಗೆಂದು ನನ್ನ ಮನೆಯಲ್ಲಿದ್ದಾಗ, ಅಷ್ಟು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಕೇಳಿದೆ. ಅವತ್ತು ಸಿಸ್ಟರ್ ಮುಂದೆ ನನ್ನೆದುರಿಗೇ ಯಾಕೆ ಹೇಳಿದೆ, ನನ್ನನ್ನು ಹೊರಗೆ ಕಳಿಸಿ ಹೇಳಬಹುದಿತ್ತಲ್ಲ?

ಅವ್ವ ಕಟ್ಟಿದ ಕಣ್ಣಿನಲ್ಲೇ ನನ್ನ ಕಡೆ ತಿರುಗಿದಳು. "ಹೊರಗ ಕಳಿಸಿ ಹೇಳಿದ್ರ ಆ ಅಕ್ಕಾರಿಗೆ ಗೊತ್ತೈತಿ ಅಂತ ನಿನಗ ಹ್ಯಾಂಗ ತಿಳೀತಿತ್ತು? ರಾತ್ರಿ ಒದ್ದಿಯಾಗಿ ಎದ್ರ ಯಾರನ್ನ ಕರೀತಿದ್ದಿ? ನಾ ಅಂತೂ ಅಲ್ಲಿ ಇರ್ತಿರಲಿಲ್ಲ."

ಅವ್ವ ಬಯಸಿದ್ದೆಲ್ಲ ಆಯಿತು. ಆ ಬಸ್ಸು ನಾನು ಹತ್ತಲಿಲ್ಲ. ನನ್ನ ಹೆಸರನ್ನು ಯಾರೂ ಎಲ್ಲಿಯೂ ಬರೆಯಲಿಲ್ಲ. ಆದರೆ ಆ ದಸರೆಯ ನಂತರ, ಅವ್ವನಿಗೆ ಗೊತ್ತಿರುವ ಗುಟ್ಟು ಎಂಬುದೇನೂ ನನ್ನಲ್ಲಿ ಉಳಿಯಲಿಲ್ಲ. ಕಾಲೇಜಿನಲ್ಲಿ ಪಟ್ಟ ಅವಮಾನಗಳನ್ನು ಗೆಳತಿಯರು ಬಲ್ಲರು, ಮದುವೆಯಾದ ಮೇಲಿನ ಕಷ್ಟಗಳನ್ನು ಆಫೀಸಿನ ಒಬ್ಬಿಬ್ಬರು ಬಲ್ಲರು. ಅವ್ವ ದಿನಾ ಸಂಜೆ ಫೋನು ಮಾಡಿ ಆರಾಮ ಇದ್ದೀಯಾ ಎಂದು ಕೇಳುತ್ತಾಳೆ. ಆರಾಮ ಇದ್ದೇನೆ ಎನ್ನುತ್ತೇನೆ. ಅವಳು ನಂಬುತ್ತಾಳೆ.