ಬರುವ ವೇಗ, ಹೋಗುವ ವೇಗ

ಬುಸಾನಿನ ಗುಡ್ಡದ ಮೇಲೆ, ಹಳೇ ಅಪಾರ್ಟ್‌ಮೆಂಟಿನಲ್ಲಿ ಕುಮ್‌ಜಾ ಒಬ್ಬಳೇ ಇದ್ದಳು. ಹುಟ್ಟು ಕಿವುಡಿ, ಒಣಮೀನು ಮಾರಿ ಬದುಕಿದವಳು. ಅವಳಕ್ಕ ಓಕ್‌ಬುನ್‌ಗೂ ಕಿವಿ ಕೇಳದು. ಅಪ್ಪ ತಂಗಿಯನ್ನು ಕಿವುಡರ ಶಾಲೆಗೆ ಕಳಿಸಿ ಅಕ್ಕನನ್ನು ಮನೆಗೆಲಸಕ್ಕೆ ಇಟ್ಟುಕೊಂಡಿದ್ದ. ಹೀಗಾಗಿ ಓಕ್‌ಬುನ್‌ಗೆ ಓದುಬರಹವಿಲ್ಲ, ಇಬ್ಬರ ನಡುವೆ ಇದ್ದದ್ದು ಕೈಮಾತೊಂದೇ. ತಾಯಿ ಸತ್ತ ಸುದ್ದಿಯನ್ನು ಅಕ್ಕ ಮುಟ್ಟಿಸಲಿಲ್ಲವೆಂದು ತಂಗಿ ಮುನಿಸಿಕೊಂಡು ವರ್ಷಗಟ್ಟಲೆ ಅವಳ ಮುಖ ನೋಡಿರಲಿಲ್ಲ.

ಅಕ್ಕ ದೂರದ ಗಂಗ್‌ನುಂಗಿನಲ್ಲಿ ಆಸ್ಪತ್ರೆ ಸೇರಿದಳೆಂದು ತಿಳಿದದ್ದೇ ತಡ, ಸಿಟ್ಟೆಲ್ಲ ಇಳಿದುಹೋಯಿತು. ಮೊಣಕಾಲು ನೋವಿನಿಂದ ಮೆಟ್ಟಿಲಿಳಿಯುವುದೇ ಕಷ್ಟವಾಗಿದ್ದ ಕುಮ್‌ಜಾ ವಿಡಿಯೊ ಕರೆಗೆಂದೇ ಹೊಸ ಇಂಟರ್‌ನೆಟ್ ಹಾಕಿಸಿದಳು. ಜಾಹೀರಾತಿನ ತುಂಬ ಐನೂರು ಎಂಬ ದಪ್ಪ ಅಂಕಿ. ಅದು ನಮ್ಮ ಮನೆಗೆ ಬರುವ ವೇಗ, ನಮ್ಮಿಂದ ಹೋಗುವ ವೇಗವಲ್ಲ ಎಂದು ಯಾವ ಪುಣ್ಯಾತ್ಮ ದೊಡ್ಡಕ್ಷರದಲ್ಲಿ ಬರೆಸುತ್ತಾನೆ ಹೇಳಿ!

ಪರದೆಯಲ್ಲಿ ಅಕ್ಕ ನಿಚ್ಚಳವಾಗಿ ಕಾಣುತ್ತಿದ್ದಳು. ಆದರೂ ದಿನಾ ಅವಳದು ಒಂದೇ ದೂರು, ನಿನ್ನ ಕೈ ನಡುವೆಯೇ ನಿಂತುಬಿಡುತ್ತದೆ, ಅರ್ಧ ಮಾತು ತಿಳಿಯುವುದಿಲ್ಲ ಎಂದು. ಕುಮ್‌ಜಾಗೆ ನಗು.

"ನಂದು ಐನೂರು, ಅಕ್ಕ. ನಿನ್ನ ಆಸ್ಪತ್ರೇದೇ ದರಿದ್ರ ಲೈನು" ಎಂದು ಕೈಯಾಡಿಸುತ್ತಿದ್ದಳು.

ಒಂದು ಸಂಜೆ, ಕುಮ್‌ಜಾಳ ಅಕ್ಕಪಕ್ಕದ ಮನೆಯವರೆಲ್ಲ ಅದೇ ಲೈನಿಗೆ ಜೋತುಬೀಳುವ ಹೊತ್ತಿನಲ್ಲಿ, ಓಕ್‌ಬುನ್ ನರ್ಸಿನಿಂದ ಕರೆ ಮಾಡಿಸಿದಳು. ಸೂಜಿ ಚುಚ್ಚಿದ ಕೈಯಲ್ಲೇ ಹೇಳತೊಡಗಿದಳು.

"ಅಮ್ಮನ್ನ ಸರಿಯಾಗಿ ನೋಡ್ಕೊಳ್ಳಲಿಲ್ಲ ಅಂತ ಬಯ್ತೀಯೇನೋ ಅಂತ ಹೆದರಿದ್ದೆ ಕಣೇ. ಅದಕ್ಕೇ ಹೇಳಿಕಳಿಸ್ಲಿಲ್ಲ. ಇನ್ನೂ ಸಿಟ್ಟಿದೆಯಾ?"

"ಇಲ್ಲ ಅಕ್ಕ, ಯಾವತ್ತೋ ಹೋಯ್ತು."

ಕುಮ್‌ಜಾ ಮತ್ತೆ ಹೇಳಿದಳು, ಎದ್ದು ನಿಂತು ತೋಳು ಬೀಸಿ ಬೀಸಿ ಹೇಳಿದಳು. ಅತ್ತ ಅಕ್ಕನ ಪರದೆಯಲ್ಲಿ ಮಾತ್ರ, ಕುಮ್‌ಜಾ ಮಡಿಲಲ್ಲಿ ಕೈಯಿಟ್ಟು ಕೂತಿದ್ದ ಚಿತ್ರವೇ ನಿಂತುಹೋಗಿತ್ತು. ಓಕ್‌ಬುನ್ ಕಾದು ಕಾದು ಸೋತಳು.

"ಕೈ ಕೂಡ ಎತ್ತಲ್ವಾ? ಸರಿ ಬಿಡು, ತಪ್ಪು ನಂದೇ."

ಅಷ್ಟು ಹೇಳಿ ಗೋಡೆ ಕಡೆ ಹೊರಳಿದಳು. ಕಿವಿಯಿಲ್ಲದವಳು ಬೆನ್ನು ತಿರುಗಿಸಿದರೆ ಕರೆಯುವುದಾದರೂ ಹೇಗೆ? ಕುಮ್‌ಜಾ ನರ್ಸಿಗೆ ಸಂದೇಶ ಬರೆದಳು, ಆಕೆಗೋ ಕೈಮಾತು ಬಾರದು, ಅಕ್ಕನಿಗೆ ಓದಲು ಬಾರದು. ಮರುದಿನ ಕೋಲೂರಿಕೊಂಡು ಬಸ್ಸು ಹತ್ತಿ ಹೋದರೆ ಹಾಸಿಗೆ ಖಾಲಿಯಾಗಿತ್ತು. ಅಯ್ಯೋ, ಆ ಸಂಕಟ ಶತ್ರುವಿಗೂ ಬೇಡ.

ಮಣ್ಣು ಮುಗಿಸಿ ಬಂದಮೇಲೆ ಲೈನಿನವನನ್ನು ಕರೆಸಿದಳು. ಅವನು ಅಳೆದು ನೋಡಿದ. ಬರುವುದು ಹತ್ತಿರಹತ್ತಿರ ಐನೂರು, ಹೋಗುವುದು ಸಂಜೆ ಹೊತ್ತು ಐದೂ ಇಲ್ಲ. ಫೋನಿನಲ್ಲಿ ಬರೆದು ತೋರಿಸಿದ.

"ಲೈನಲ್ಲಿ ಏನೂ ತಪ್ಪಿಲ್ಲ ಅಜ್ಜಿ, ಈ ಕನೆಕ್ಷನ್ ಇರೋದೇ ಹೀಗೆ. ನಿಮಗೆ ಆ ಕಡೆಯವರು ಚೆನ್ನಾಗಿ ಕಾಣ್ತಿದ್ರು ತಾನೇ?"

ಕಾಣುತ್ತಿದ್ದಳು, ತುಂಬ ಚೆನ್ನಾಗಿ ಕಾಣುತ್ತಿದ್ದಳು ಎಂದು ಕುಮ್‌ಜಾ ತಲೆಯಾಡಿಸಿದಳು.