ಬದಿ ಮುಗಿಯುವ ತನಕ

ಕಳೆದ ತಿಂಗಳು ಕಪಾಟು ಚೊಕ್ಕ ಮಾಡುವಾಗ ಹಳೆಯ ರೆಕಾರ್ಡೊಂದರ ರಟ್ಟಿನ ಕವಚದಿಂದ ಒಂದು ಚಿಟಿಕೆ ಕೆಮ್ಮಣ್ಣು ಅಂಗೈ ಮೇಲೆ ಬಿತ್ತು. ಮೂಸಿ ನೋಡಿದೆ. ಅರಿಶಿನ, ಎಣ್ಣೆ, ಹುಳಿ ಮಜ್ಜಿಗೆ, ಎಲ್ಲದರ ಅಡಿಯಲ್ಲಿ ಇಪ್ಪತ್ತು ಗಂಡಸರ ಬೆವರು... ನಲವತ್ತು ವರ್ಷವಾದರೂ ವಾಸನೆ ಜಾಗ ಬಿಟ್ಟಿರಲಿಲ್ಲ. ನನ್ನ ಎಡಗೆನ್ನೆ ತಾನಾಗಿಯೇ ಬೆಚ್ಚಗಾಯಿತು.

ಆ ಮಣ್ಣು ಪುಣೆಯ ಪೇಠೆಯೊಂದರ ತಾಲೀಮಿನ ಅಖಾಡದ್ದು. ತಾಲೀಮು ಎಂದರೆ ನಮ್ಮ ಗರಡಿಮನೆ. ರೆಕಾರ್ಡು ಐದು ಮಂದಿ ಇಂಗ್ಲಿಷರ ಬ್ಯಾಂಡಿನದು. ಈ ಎರಡನ್ನೂ ಒಂದೇ ಕವಚಕ್ಕೆ ತಂದವರು ನಮ್ಮ ಪೈಲ್ವಾನರು. ಈ ಜನ್ಮದಲ್ಲಿ ನಾನು ತಿಂದ ಏಟುಗಳಲ್ಲಿ ಶಾಸ್ತ್ರೋಕ್ತ ಎನ್ನಬಹುದಾದವು ಅವರ ಕೈಯವು ಮಾತ್ರ.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ಧಾರವಾಡದಿಂದ ಬಂದು ಪಿಂಪರಿಯ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದ್ದೆ. ತಾಲೀಮಿನ ಹಿಂದಿನ ವಾಡೆಯಲ್ಲಿ ಒಂದು ಕೋಣೆ ಹಿಡಿದಿದ್ದೆ. ಪೈಲ್ವಾನರು ಬೆಳಗಾವಿ ಕಡೆಯವರು, ಐವತ್ತರ ಆಸುಪಾಸು. ಕುಸ್ತಿ ಆಡುವುದನ್ನು ಬಿಟ್ಟು ಕಲಿಸುತ್ತಿದ್ದರು. ಜೊತೆಗೆ ಮುರಿದ ಎಲುಬು ಕೂಡಿಸುತ್ತಿದ್ದರು. ಪೇಠೆಯ ಅರ್ಧ ಎಲುಬುಗಳನ್ನು ಅವರೇ ಮುರಿದು ಅವರೇ ಕೂಡಿಸುತ್ತಾರೆಂಬ ಮಾತಿತ್ತು. ಅದು ಉತ್ಪ್ರೇಕ್ಷೆ, ಕಾಲುಭಾಗ ಇದ್ದೀತು.

ಕೋರೆಗಾಂವ್ ಪಾರ್ಕಿನಲ್ಲಿ ಆಗ ಆಶ್ರಮಕ್ಕೆ ಬಂದ ಬಿಳಿಯರು ಬಹಳ. ಅವರಲ್ಲೊಬ್ಬ ಉದ್ದ ಕೂದಲಿನವನು ಮೋಟರ್‌ಸೈಕಲ್ಲಿನಿಂದ ಬಿದ್ದು, ಭುಜ ಕಳಚಿಕೊಂಡು ತಾಲೀಮಿಗೆ ಬಂದ. ಪೈಲ್ವಾನರು ಅವನ ಎದೆಗೆ ಮೊಣಕಾಲು ಕೊಟ್ಟು ಭುಜವನ್ನು ಜಾಗಕ್ಕೆ ಕೂರಿಸಿದರು. ಅವನು ಕೂಗಿದ ಕೂಗಿಗೆ ಓಣಿಯ ಪಾರಿವಾಳಗಳೆಲ್ಲ ಎದ್ದವು. ಮುಂದೆ ತನ್ನ ದೇಶಕ್ಕೆ ಮರಳುವಾಗ ಅವನು ರೆಕಾರ್ಡ್ ಪ್ಲೇಯರು, ಎರಡು ಸ್ಪೀಕರ್ ಪೆಟ್ಟಿಗೆ, ಒಂದು ಟ್ರಂಕು ರೆಕಾರ್ಡು ಇವರಿಗೆ ಬಿಟ್ಟುಹೋದ. ಎಲ್ಲವೂ ಪ್ರೊಗ್ರೆಸಿವ್ ರಾಕ್. ಒಂದೊಂದು ಹಾಡು ರೆಕಾರ್ಡಿನ ಇಡೀ ಒಂದು ಬದಿ, ಇಪ್ಪತ್ತು ನಿಮಿಷ. ತಾಳ ಏಳು ಮಾತ್ರೆಗೆ ಶುರುವಾಗಿ ಯಾರಿಗೂ ಹೇಳದೆ ಹನ್ನೊಂದಕ್ಕೆ ಹೋಗುವುದು. ಆರ್ಗನ್ನೂ ಗಿಟಾರೂ ಒಂದರ ಕುತ್ತಿಗೆ ಒಂದು ಹಿಡಿದು ನೆಲಕ್ಕುರುಳುವುದು. ಪೈಲ್ವಾನರು ಒಂದು ಬದಿ ಕೇಳಿ ತೀರ್ಪು ಕೊಟ್ಟರು:

"ಮೂರು ನಿಮಿಷದ ಹಾಡು ಅಂದ್ರ ಬೀದಿ ಜಗಳ. ಇದು ಕುಸ್ತಿ. ಸಲಾಮಿ ಅದ, ತೂಗಿ ನೋಡೋದು ಅದ, ಪಟ್ಟು ಅದ, ಬಿಡಿಸ್ಕೊಳ್ಳೋದು ಅದ."

ಹೀಗೆ ಪ್ರತಿ ಭಾನುವಾರ ಬೆಳಿಗ್ಗೆ, ಅಖಾಡದ ಪಕ್ಕದ ಕಟ್ಟೆಯ ಮೇಲೆ, ಹನುಮಪ್ಪನ ಪಟದ ಕೆಳಗೆ ನಮ್ಮ ಸಭೆ ಕೂಡತೊಡಗಿತು. ಹತ್ತು ಹನ್ನೆರಡು ಮಂದಿ. ನಿಯಮ ಒಂದೇ: ಬದಿ ಮುಗಿಯುವ ತನಕ ಬಾಯಿ ಬಿಡಬಾರದು. ಬಿಟ್ಟರೆ ಕಪಾಳಕ್ಕೆ ಒಂದು. ಅದರಲ್ಲಿ ಕೋಪವಿರುತ್ತಿರಲಿಲ್ಲ. ಪೈಲ್ವಾನರು ಕಣ್ಣು ತೆರೆದು, ಎದ್ದು, ಬಂದು, ಕೊಟ್ಟು, ಮರಳಿ ಕೂತು ಕಣ್ಣು ಮುಚ್ಚುತ್ತಿದ್ದರು. ಅಂಚೆಯವನು ಕಾಗದ ಕೊಟ್ಟು ಹೋದಂತೆ. ಮೊದಲ ಭಾನುವಾರ ನಾನು "ವಾಹ್" ಎಂದೆ. ಸೋಮವಾರ ಕಾರ್ಖಾನೆಯಲ್ಲಿ ಎಡಗಡೆಯಿಂದ ಅಗಿಯಲಾಗಲಿಲ್ಲ.

ಅತಿ ಹೆಚ್ಚು ತಿಂದವರು ಬ್ಯಾಂಕಿನಲ್ಲಿ ಕೆಲಸಕ್ಕಿದ್ದ ಹುಬ್ಬಳ್ಳಿಯವರೊಬ್ಬರು. ನಾವು ಅವರನ್ನು ಬ್ಯಾಂಕಿನವರು ಎಂದೇ ಕರೆಯುತ್ತಿದ್ದೆವು. ವಿದ್ವಾಂಸರು, ಆದರೆ ವಿದ್ವತ್ತು ಬಾಯಿಯಲ್ಲಿ ನಿಲ್ಲುತ್ತಿರಲಿಲ್ಲ. "ಪೈಲ್ವಾನ್ರ, ಇಲ್ಲಿ ಆರ್ಗನ್ ಕೇಳ್ರಿ, ಇದು..." ಎಂಬುದು ಅವರು ಅಲ್ಲಿ ಮಂಡಿಸಿದ ಅತಿ ದೀರ್ಘ ವಿಮರ್ಶೆ. ಒಮ್ಮೆ ಅವರ ಹಲ್ಲೊಂದು ಅಲ್ಲಾಡಿತು. ಬದಿ ಮುಗಿದ ಮೇಲೆ ಪೈಲ್ವಾನರೇ ಹೆಬ್ಬೆರಳಿನಿಂದ ಅದನ್ನು ಒತ್ತಿ ಕೂರಿಸಿದರು. ಇಬ್ಬರೂ ಕೂಡಿ ಚಹಾ ಕುಡಿದರು.

ಪೈಲ್ವಾನರ ಎಡಗಿವಿ ಪ್ರಾಯದಲ್ಲೇ ಹೋಗಿತ್ತು. ಕೊಲ್ಹಾಪುರದ ಎದುರಾಳಿ ಜೋಡಿಯೊಬ್ಬ ಮೊಣಕೈಯಿಂದ ಅರೆದು ಅದನ್ನು ಹೂಕೋಸು ಮಾಡಿದ್ದ. ಹಾಡು ಕೇಳಲು ಅವರು ಬಲಗಿವಿಯನ್ನು ಪೆಟ್ಟಿಗೆಗೆ ಕೊಟ್ಟು ಅಡ್ಡಡ್ಡ ಕೂರುತ್ತಿದ್ದರು. ಈಗ ಅದರಲ್ಲೂ ಹಗಲಿಡೀ ಜೀರುಂಡೆ ಕೂಗತೊಡಗಿತ್ತು. ಒಂದು ದಿನ, ಬೇರೆ ಯಾರದೋ ಕಿವಿಯ ವಿಷಯ ಹೇಳುವಂತೆ ಹೇಳಿದರು:

"ಬಲಗಡೆದು ಇನ್ನೊಂದ ವರ್ಷ ನಡೀತದಂತ, ಡಾಕ್ಟರ್ ಅಂದ್ರು. ಅಷ್ಟರಾಗ ಆ ರೆಕಾರ್ಡ್ ಬರಬೇಕು ನೋಡು ತಮ್ಮಾ."

ಆ ರೆಕಾರ್ಡು ಎಂದರೆ, ಐದು ಮಂದಿ ಇಂಗ್ಲಿಷರು ಮಾಡುತ್ತೇವೆಂದು ಸಾರಿದ್ದ ಹೊಸದು. ರದ್ದಿ ಅಂಗಡಿಗೆ ಬರುವ ವಿಲಾಯತಿ ಸಂಗೀತ ಪತ್ರಿಕೆಗಳಲ್ಲಿ ನಮಗೆ ಸುದ್ದಿ ಸಿಗುತ್ತಿತ್ತು, ಆರು ತಿಂಗಳು ಹಳಸಿ. ಇಂಗ್ಲಿಷ್ ಓದಿ ಹೇಳುವವನು ನಾನು. ಓದುವಾಗ ಪೈಲ್ವಾನರ ಕೈ ನನ್ನ ಕತ್ತಿನ ಮೇಲಿರುತ್ತಿತ್ತು. ಪ್ರೀತಿಯ ಕೈಯೇ, ಆದರೆ ಸುದ್ದಿ ಕೆಟ್ಟದಾದಷ್ಟೂ ಭಾರವಾಗುತ್ತಿತ್ತು.

"ಏನ್ ಬರದಾರ?"

"ಆರ್ಗನ್ನಿನವಗೂ ಹಾಡೋವಗೂ ಜಗಳ ಬಿದ್ದದಂತ್ರಿ. ರೆಕಾರ್ಡ್ ಮುಂದ ಹಾಕ್ಯಾರ."

"ಹೊಡದಾಡ್ಯಾರೋ, ಬರೇ ಮಾತೋ?"

"ಬರೇ ಮಾತ್ರಿ."

"ಅದಕ್ಕ ತಡ ಆಗೇದ. ಹೊಡದಾಡಿದ್ರ ಒಂದ ತಾಸಿನಾಗ ಮುಗೀತಿತ್ತು."

ಮುಂದಿನ ಸಂಚಿಕೆಯಲ್ಲಿ ಡ್ರಮ್ಮಿನವನು ಬಿಟ್ಟುಹೋದ. ಅದರ ಮುಂದಿನದರಲ್ಲಿ ಮರಳಿ ಬಂದ, ಆದರೆ ಹಾಡನ್ನೆಲ್ಲ ಮತ್ತೆ ಮೊದಲಿನಿಂದ ಮಾಡಬೇಕೆಂದ. ಇತ್ತ ಬಲಗಿವಿಯ ಜೀರುಂಡೆಗಳು ತಮ್ಮ ಕೆಲಸವನ್ನು ಒಂದು ದಿನವೂ ಮುಂದೂಡಲಿಲ್ಲ. ಪೈಲ್ವಾನರು ಪೆಟ್ಟಿಗೆಯ ಕಡೆ ಇಂಚಿಂಚಾಗಿ ಸರಿಯುತ್ತಿದ್ದರು.

ಪೈಲ್ವಾನರು, ಬ್ಯಾಂಕಿನವರು, ನಾನು ಕ್ಯಾಂಪಿನ ರೆಕಾರ್ಡ್ ಅಂಗಡಿಗೆ ವಿಚಾರಿಸಲು ಹೋದಾಗ, ಇಸ್ತ್ರಿ ಮಾಡಿದ ಅಂಗಿಯ ಒಬ್ಬ ತರುಣ, ಆ ಬ್ಯಾಂಡ್ ಒಡೆದುಹೋಗಿದೆ, ಇನ್ನು ರೆಕಾರ್ಡೂ ಇಲ್ಲ ಮಣ್ಣೂ ಇಲ್ಲ ಎಂದು ನಕ್ಕ. ಪೈಲ್ವಾನರು ಅವನ ಬೆಲ್ಟು ಹಿಡಿದು ಎತ್ತಿ ಗಾಜಿನ ಕಪಾಟಿನ ಮೇಲಿಟ್ಟರು. ಇಡುವಾಗ ಜಾಗರೂಕರಾಗಿದ್ದರು; ಕಪಾಟಿನೊಳಗೆ ರೆಕಾರ್ಡುಗಳಿದ್ದವು. ನಾವು ಹೊರಗೆ ಬರುವಷ್ಟರಲ್ಲಿ ಆ ತರುಣನ ಗೆಳೆಯರು ಹಾಕಿ ಕೋಲು ಹಿಡಿದು ಕಾದಿದ್ದರು. ಮುಂದಿನ ಹತ್ತು ನಿಮಿಷಗಳಲ್ಲಿ ಬ್ಯಾಂಕಿನವರ ಹುಬ್ಬು ಸೀಳಿತು, ನನ್ನ ಎರಡು ಬೆರಳು ಬಾತವು, ಒಂದು ಹಾಕಿ ಕೋಲು ಪೈಲ್ವಾನರ ಬೆನ್ನಿನ ಮೇಲೆ ಮುರಿದು ಎರಡಾಯಿತು. ಆ ತರುಣನ ಕಡೆಯ ಮೂವರು ಏಳಲಿಲ್ಲ. ಆ ಮೂವರ ಎಲುಬನ್ನೂ ಅಂದೇ ಸಂಜೆ ತಾಲೀಮಿನಲ್ಲಿ ಕೂಡಿಸಲಾಯಿತು. ಒಬ್ಬ ಮುಂದೆ ಭಾನುವಾರದ ಸಭೆಗೂ ಸೇರಿದ.

ಅಷ್ಟರಲ್ಲಿ ಇನ್ನೊಂದು ಸುದ್ದಿ ಗೋಡೆಗಳ ಮೇಲೆ ಬಂತು. ಆ ಐವರೇ ಭಾರತಕ್ಕೆ ಬರುತ್ತಾರೆ, ಪುಣೆಯ ಮೈದಾನವೊಂದರಲ್ಲಿ ಹೊಸ ಹಾಡು ನುಡಿಸುತ್ತಾರೆ. ಪೈಲ್ವಾನರು ಆ ಪೋಸ್ಟರಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದು ನೆನಪಿದೆ... ರೆಕಾರ್ಡಿನ ಹಂಗೇ ಬೇಡ, ಕಿವಿ ಇರುವಾಗಲೇ ಎದುರಿಗೆ ಕೇಳಬಹುದು. ಗೊತ್ತುಮಾಡಿದ ದಿನ ಬಂತು, ವೀಸಾ ಸಿಗಲಿಲ್ಲವೆಂದು ಮುಂದೆ ಹೋಯಿತು. ಎರಡನೆಯ ದಿನವೂ ಬಂತು, ವಾದ್ಯಗಳು ಬಂದರಿನಲ್ಲಿ ಸಿಕ್ಕಿಕೊಂಡಿವೆ ಎಂದರು. ಮೂರನೆಯ ಸಲ ಮೈದಾನದಲ್ಲಿ ಬಾಡಿಗೆಯ ಕಬ್ಬಿಣದ ಕುರ್ಚಿಗಳನ್ನು ಹಾಕಿದ್ದನ್ನು ಕಣ್ಣಾರೆ ಕಂಡು ನಂಬಿದೆವು. ಜನ ಜಾಸ್ತಿ ಆದೀತೆಂದು ಆಯೋಜಕರು ಕಾವಲಿಗೆ ಕರೆದದ್ದು ಪೈಲ್ವಾನರನ್ನೂ ಅವರ ಶಿಷ್ಯರನ್ನೂ. ಪೈಲ್ವಾನರು ಇಸ್ತ್ರಿ ಮಾಡಿದ ಧೋತರ ಉಟ್ಟು, ವೇದಿಕೆಯ ಮೇಲೆ ಒಂದು ಮೂಲೆಯಲ್ಲಿ, ಬಲಗಿವಿ ನಡುವೇದಿಕೆಗೆ ಕೊಟ್ಟು ನಿಂತರು. ಹೊತ್ತು ಇಳಿಯುತ್ತಿತ್ತು. ಪರದೆ ಸರಿಯಿತು.

ಒಳಗಿದ್ದದ್ದು ಪೇಠೆಯ ಮದುವೆಗಳಲ್ಲಿ ನುಡಿಸುವ ಆರ್ಕೆಸ್ಟ್ರಾ. ಹೊಳೆಯುವ ಕೋಟು ತೊಟ್ಟವನೊಬ್ಬ, ವಿಲಾಯತಿ ಕಲಾವಿದರಿಗೆ ಅನಿವಾರ್ಯ ಕಾರಣದಿಂದ ಬರಲಾಗಿಲ್ಲ, ಈಗ ನಿಮ್ಮ ಮೆಚ್ಚಿನ ಸಿನಿಮಾ ಹಾಡುಗಳು ಎಂದ. ಆಮೇಲೆ ಮೊದಲ ಕುರ್ಚಿ ಹಾರಿತು.

ಅದರ ನಂತರದ್ದು ನನಗೆ ತುಂಡು ತುಂಡಾಗಿ ನೆನಪಿದೆ. ಬಿದಿರಿನ ಬೇಲಿ ಕಿತ್ತು ಬಡಿಗೆ ಮಾಡಿಕೊಂಡವರು. ಹೊಳೆಯುವ ಕೋಟನ್ನು ಮೈಮೇಲಿದ್ದಂತೆಯೇ ಹರಿದವರು. ಯಾರದೋ ಕನ್ನಡಕದ ಮೇಲೆ ಕಾಲಿಟ್ಟ ಸಪ್ಪಳ. ಒಬ್ಬನ ಬಾಯಿಂದ ಬಂದ ರಕ್ತ ನನ್ನ ತೋಳಿಗೆ ಬೆಚ್ಚಗೆ ತಾಗಿದ್ದು... ವೇದಿಕೆಯ ಮೇಲೆ ಆರ್ಗನ್ ನುಡಿಸುವ ಬಡಕಲು ಮನುಷ್ಯನೊಬ್ಬ ಓಡಿಹೋಗದೆ ತನ್ನ ಆರ್ಗನ್ನನ್ನು ತಬ್ಬಿಕೊಂಡು ಕೂತುಬಿಟ್ಟಿದ್ದ. ಅವನ ಮುಂದೆ ಪೈಲ್ವಾನರು ಎರಡು ತೋಳು ಚಾಚಿ ನಿಂತಿದ್ದರು. ನೂರು ಮಂದಿಯ ಸಿಟ್ಟು ಅವರ ಎದೆಗೆ ಬಡಿದು ಕೆಳಗೆ ಬೀಳುತ್ತಿತ್ತು. ಅಲ್ಲಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ಅವರೇ ಎಂಬುದು ನನಗೆ ಮಾತ್ರ ಗೊತ್ತಿತ್ತು. ಗೊತ್ತಿದ್ದೂ ನಾನು ಕುರ್ಚಿ ಎತ್ತಿಕೊಂಡೆ. ಸಾಲಿನಲ್ಲಿ ಎಲ್ಲರೂ ಎಸೆಯುತ್ತಿದ್ದರು. ನನ್ನ ಗುರಿ ಆರ್ಗನ್ನು. ಎಸೆಯುವುದರಲ್ಲಿ ಅಭ್ಯಾಸ ಸಾಲದು.

ಕುರ್ಚಿಯ ಕಾಲು ಅವರ ಬಲಗಿವಿಗೆ ಬಿತ್ತು. ಮೊದಲು ಮೊಣಕಾಲೂರಿದರು, ಆಮೇಲೆ ನಿಧಾನವಾಗಿ ಅಂಗಾತ ಮಲಗಿದರು. ಮೂವತ್ತು ವರ್ಷ ಯಾವ ಜೋಡಿಯೂ ಆ ಬೆನ್ನನ್ನು ನೆಲಕ್ಕೆ ತಾಗಿಸಿರಲಿಲ್ಲ. ಆ ಕೀರ್ತಿ ಒಂದು ಬಾಡಿಗೆ ಕುರ್ಚಿಯ ಪಾಲಾಯಿತು. ಪೊಲೀಸರ ಲಾಠಿ ನನ್ನ ಮೊಣಕಾಲಿಗೆ ಬಿದ್ದಾಗ ನನಗೆ ಒಂದು ಬಗೆಯ ಸಮಾಧಾನವಾಯಿತು, ಆದರೆ ಅದು ಸಾಲುವಂಥದ್ದಾಗಿರಲಿಲ್ಲ.

ಮರುದಿನ ಆಸ್ಪತ್ರೆಗೆ ಹೋದೆ. ಪೈಲ್ವಾನರ ತಲೆಗೆಲ್ಲ ಬಟ್ಟೆ ಸುತ್ತಿದ್ದರು.

"ಕುರ್ಚಿ ಒಗದಾವ ಒಮ್ಮೆ ಕೈಗೆ ಸಿಗಲಿ," ಎಂದರು, ಶಾಂತವಾಗಿ. "ಅವನ ಕೈ ಮುರೀತೀನಿ. ಆಮ್ಯಾಲ ನಾನ ಕೂಡಸ್ತೀನಿ. ಡಾಕ್ಟರ್ ಕಡೆ ಬಿಡಂಗಿಲ್ಲ."

"ಹೌದ್ರಿ," ಎಂದೆ. ಅವರಿಗೆ ಕೇಳಿಸಿತೋ ಇಲ್ಲವೋ.

ಬಟ್ಟೆ ಬಿಚ್ಚಿದ ಮೇಲೂ ಅದು ಯಾರಿಗೂ ಖಚಿತವಾಗಲಿಲ್ಲ. "ಕೇಳಸ್ತದ, ಸ್ವಲ್ಪ ಮಂಜು ಬಿದ್ದಂಗ ಅದ," ಎನ್ನುತ್ತಿದ್ದರು. ಚಹಾ ಬೇಕೇ ಎಂದರೆ, ಹೌದು ಭಾಳ ಸೆಕೆ ಎನ್ನುತ್ತಿದ್ದರು. ಭಾನುವಾರದ ಸಭೆ ಮಾತ್ರ ತಪ್ಪಲಿಲ್ಲ. ಕಪಾಳಕ್ಕೆ ಕೊಡಲು ಕಣ್ಣಿದ್ದರೆ ಸಾಕು. ತುಟಿ ಅಲ್ಲಾಡಿದ್ದು ಕಂಡರೆ ಎದ್ದು ಬರುತ್ತಿದ್ದರು.

ಮೂರು ತಿಂಗಳ ನಂತರ ರೆಕಾರ್ಡು ಬಂತು. ಬ್ಯಾಂಕಿನವರ ಸೋದರಮಾವನ ಮಗ, ಹಡಗಿನಲ್ಲಿ ಕೆಲಸಕ್ಕಿದ್ದವನು, ತಂದುಕೊಟ್ಟ. ಆ ಭಾನುವಾರ ಪೈಲ್ವಾನರು ಅಖಾಡದ ಮಣ್ಣಿಗೆ ಹೊಸ ಅರಿಶಿನ, ಎಣ್ಣೆ, ಮಜ್ಜಿಗೆ ಹಾಕಿ ಕಲಸಿ, ಅದೇ ಕೈಯಲ್ಲಿ ರೆಕಾರ್ಡನ್ನು ಕವಚದಿಂದ ತೆಗೆದರು. ಬ್ಯಾಂಕಿನವರು ಮುಳ್ಳು ಇಟ್ಟರು. ಪೈಲ್ವಾನರು ಬಲಗಿವಿ ಪೆಟ್ಟಿಗೆಗೆ ತಾಗಿಸಿಯೇ ಕೂತು, ಕಣ್ಣು ಮುಚ್ಚಿ ತೊಡೆಯ ಮೇಲೆ ತಾಳ ಹಾಕತೊಡಗಿದರು. ಸರಿಯಾಗಿ ಹಾಕುತ್ತಿದ್ದರೇ ಎಂದು ಕೇಳಬೇಡಿ. ಆ ಹಾಡಿನ ತಾಳ ನಮಗ್ಯಾರಿಗೂ ತಿಳಿಯುತ್ತಿರಲಿಲ್ಲ.

ಹತ್ತು ನಿಮಿಷ ಆಗಿರಬೇಕು. ಆರ್ಗನ್ನು ಮೇಲೆ ಮೇಲೆ ಹತ್ತುತ್ತಿದ್ದದ್ದು ಒಮ್ಮೆಲೇ ದಪ್ಪಗಾಗಿ, ಗೊಗ್ಗರಾಗಿ, ಕೆಳಗೆ ಕುಸಿದು ನಿಂತಿತು. ಕರೆಂಟು ಹೋಗಿತ್ತು.

ಪೈಲ್ವಾನರ ಕೈ ನಿಲ್ಲಲಿಲ್ಲ.

ನಾವು ಹನ್ನೊಂದು ಮಂದಿ ಒಬ್ಬರ ಮುಖ ಒಬ್ಬರು ನೋಡಿದೆವು. ಬ್ಯಾಂಕಿನವರು ಬಾಯಿ ತೆರೆದರು. ಅವರ ನಾಲಗೆ ಅಲ್ಲಾಡಿದ್ದೂ ಕಂಡೆ. ಆಮೇಲೆ ಅವರು ತಮ್ಮ ಕೈಯಿಂದಲೇ ಬಾಯಿ ಮುಚ್ಚಿಕೊಂಡರು, ಗಟ್ಟಿಯಾಗಿ, ಉಗುರು ಕೆನ್ನೆಗೆ ನಾಟುವಷ್ಟು. ಬದಿ ಮುಗಿದಿರಲಿಲ್ಲ. ಹೊರಗೆ ತರಕಾರಿ ಗಾಡಿಯವನು ಮೆಂತ್ಯ, ಸಬ್ಬಸಿಗೆ ಎಂದು ಕೂಗುತ್ತಾ ಹೋದ. ಮಾಡಿನಲ್ಲಿ ಪಾರಿವಾಳ. ತೊಡೆಯ ಮೇಲೆ ಅಂಗೈ ಬೀಳುತ್ತಲೇ ಇತ್ತು, ಒಮ್ಮೆ ಜೋರಾಗಿ, ಒಮ್ಮೆ ಮೆಲ್ಲಗೆ. ನಡುವೆ ಒಂದು ಕಡೆ ಅವರು ನಕ್ಕರು ಕೂಡ. ಯಾರೋ ಒಳ್ಳೆಯ ಪಟ್ಟಿನಿಂದ ಬಿಡಿಸಿಕೊಂಡಿರಬೇಕು...

ಕೊನೆಗೆ ಕೈ ನಿಂತಿತು. ಬ್ಯಾಂಕಿನವರು ಎದ್ದು ಹೋಗಿ, ನಿಂತ ರೆಕಾರ್ಡಿನ ಮೇಲಿಂದ ಮುಳ್ಳನ್ನು ಬಹಳ ಗೌರವದಿಂದ ಎತ್ತಿದರು. ಪೈಲ್ವಾನರು ಕಣ್ಣು ತೆರೆದರು.

"ಮೊದಲನೇ ಅರ್ಧ ಬರೇ ಕೈ ಕೈ ಹಿಡಿಯೋದು," ಎಂದರು. "ಎರಡನೇ ಅರ್ಧ ಭಾಳ ಛಲೋ ಅದ." ಆಮೇಲೆ ಬ್ಯಾಂಕಿನವರ ಕಡೆ ತಿರುಗಿ, "ಇವತ್ತ ಬಾಯಿ ಬಿಡಲಿಲ್ಲ ನೀವು. ಶಾಣ್ಯಾ ಆದ್ರಿ ಸಾಹೇಬ್ರ." ಬ್ಯಾಂಕಿನವರು ಆ ಮೆಚ್ಚುಗೆಯನ್ನು ತಡೆದುಕೊಳ್ಳಲಾರದೆ ಹೊರಗೆ ಹೋದರು.

ಮರುವರ್ಷ ತಾಲೀಮಿನ ಜಾಗ ಕೈಬಿಟ್ಟಿತು. ಊರಿಗೆ ಹೊರಡುವ ದಿನ ಪೈಲ್ವಾನರು ಆ ರೆಕಾರ್ಡನ್ನು ನನ್ನ ಕೈಗಿಟ್ಟರು. "ನೀ ಇಟ್ಕೊ. ನನಗ ಬಾಯಿಪಾಠ ಆಗೇದ." ಆಮೇಲೆ ನನ್ನ ಬಲಗೈ ಹಿಡಿದು, ಎಲುಬು ನೋಡುವವರ ಹಾಗೆ ಮಣಿಕಟ್ಟಿನಿಂದ ಮೊಣಕೈಯವರೆಗೆ ಒತ್ತುತ್ತಾ ಬಂದರು. ನಾನು ಉಸಿರು ಹಿಡಿದು ನಿಂತೆ. "ಗಟ್ಟಿ ಅದ," ಎಂದು ಬಿಟ್ಟುಬಿಟ್ಟರು. ಅದಾಗಿ ಕೆಲವು ವರ್ಷಗಳಿಗೆ ತೀರಿಕೊಂಡರಂತೆ. ಸುದ್ದಿ ನನಗೆ ತಲುಪಿದ್ದು ಎಂಟು ತಿಂಗಳು ತಡವಾಗಿ. ನಮ್ಮ ಪಾಲಿಗೆ ಬರುವುದೆಲ್ಲ ಹಾಗೆಯೇ ಬರುತ್ತಿತ್ತು.

ರೆಕಾರ್ಡನ್ನು ನಾನು ಆಗಾಗ ಹಾಕುತ್ತಿದ್ದೆ. ಆದರೆ ಆರ್ಗನ್ನು ಹತ್ತುವ ಜಾಗ ಬಂದೊಡನೆ, ಕರೆಂಟು ಹೋದ ಗಳಿಗೆಗೆ ಸರಿಯಾಗಿ, ಮುಳ್ಳು ಎತ್ತಿಬಿಡುತ್ತಿದ್ದೆ. ಎತ್ತುವ ಕಾರಣವನ್ನು ನನಗೆ ನಾನೇ ಕೇಳಿಕೊಂಡವನಲ್ಲ. ಬದಿ ಮುಗಿಯದಿದ್ದರೆ ಬಾಯಿ ಬಿಡಬೇಕಾಗಿಲ್ಲ, ಅಷ್ಟೆ.

ಕಳೆದ ತಿಂಗಳು, ಆ ಮಣ್ಣನ್ನು ಒಂದು ಬಟ್ಟಲಿಗೆ ಹಾಕಿಟ್ಟು, ಪುಣೆಯಂಚಿನ ವಾಕಡದ ನಮ್ಮ ಫ್ಲ್ಯಾಟಿನಲ್ಲಿ ಬಾಗಿಲು ಮುಚ್ಚಿಕೊಂಡು, ಮೊದಲ ಬಾರಿಗೆ ಕೊನೆಯವರೆಗೆ ಕೇಳಿದೆ. ಎರಡನೆಯ ಅರ್ಧ ಅಂಥ ದೊಡ್ಡದೇನೂ ಅಲ್ಲ. ಪೈಲ್ವಾನರು ಕೇಳಿದ್ದು ಇದಕ್ಕಿಂತ ಎಷ್ಟೋ ಚೆನ್ನಾಗಿತ್ತು.

ಮುಳ್ಳು ನಡುವಿಗೆ ಬಂದು ಕೆರೆಯತೊಡಗಿತು. ಬದಿ ಮುಗಿದಿತ್ತು.

"ಪೈಲ್ವಾನ್ರ," ಎಂದೆ, "ಆ ಕುರ್ಚಿ ನಂದ್ರಿ."

ಬಲಗೈಯನ್ನು ಮೇಜಿನ ಮೇಲೆ ಚಾಚಿಟ್ಟು ಸ್ವಲ್ಪ ಹೊತ್ತು ಕೂತೆ. ಮುರಿಯುವವರೂ ಇರಲಿಲ್ಲ, ಕೂಡಿಸುವವರೂ ಇರಲಿಲ್ಲ.